ಕಂದುಗಟ್ಟಿದ ಕೂಲಂಟ್ ಟ್ಯಾಂಕ್: ಚಿತ್ರದುರ್ಗ ಜಿಲ್ಲೆಯ ಒಂದು ಪಿಕಪ್ ವಾಹನದ ಪ್ರಕರಣ

ಹಿನ್ನೆಲೆ

ಇಲ್ಲಿ ವಿವರಿಸುತ್ತಿರುವುದು ಚಿತ್ರದುರ್ಗ ಜಿಲ್ಲೆಯ ಒಂದು ರೈತ ಕುಟುಂಬಕ್ಕೆ ಸೇರಿದ ಡೀಸೆಲ್ ಪಿಕಪ್ ವಾಹನದ ಪ್ರಕರಣ. ಮಾಲೀಕರು ಊರಿನಲ್ಲಿದ್ದು ಬೇಸಾಯ ನೋಡಿಕೊಳ್ಳುವ ಹಿರಿಯರು. ವಾಹನ ಓಡಿಸುವವನು ಅವರ ಅಣ್ಣನ ಮಗ. ಅವರ ಹೆಸರು, ಊರು, ವಾಹನದ ತಯಾರಕರು ಯಾರೆಂಬುದನ್ನು ಹೇಳಿಲ್ಲ, ಗುರುತು ಹಿಡಿಯಲು ನೆರವಾಗಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ತಾಂತ್ರಿಕ ಸಂಗತಿಗಳನ್ನು ಮಾತ್ರ ನಡೆದಂತೆಯೇ ಇಟ್ಟಿದ್ದೇನೆ. ಈರುಳ್ಳಿಯ ಹಂಗಾಮಿನಲ್ಲಿ ಯಶವಂತಪುರದ ಮಾರುಕಟ್ಟೆಗೆ, ಉಳಿದ ಕಾಲದಲ್ಲಿ ದಾವಣಗೆರೆಯ ಎಪಿಎಂಸಿಗೆ ಮೆಕ್ಕೆಜೋಳ ಮತ್ತು ಚಳ್ಳಕೆರೆಯ ಎಣ್ಣೆ ಗಿರಣಿಗಳಿಗೆ ಶೇಂಗಾ ಸಾಗಿಸುವುದು ಈ ವಾಹನದ ದುಡಿಮೆ. ಅಂದರೆ ವರ್ಷದ ಬಹುಭಾಗ ತುಂಬಿದ ಲೋಡು, ಬಿಸಿಲು ಮತ್ತು ಹೆದ್ದಾರಿಯ ದೂರದ ಓಟ ಇವು ಮೂರೂ ಅದಕ್ಕೆ ತಪ್ಪಿದ್ದಲ್ಲ.

ಈ ಬಗೆಯ ವಾಹನಗಳ ಕೂಲಿಂಗ್ ವ್ಯವಸ್ಥೆಯಲ್ಲಿ ಮುಖ್ಯವಾಗಿ ಎರಡು ಜಾತಿಯ ಪ್ಲಾಸ್ಟಿಕ್ ಇರುತ್ತದೆ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದಿನ ನಿರ್ಧಾರಗಳೆಲ್ಲ ಈ ವ್ಯತ್ಯಾಸದ ಮೇಲೆ ನಿಂತಿವೆ. ಕೂಲಂಟ್, ಅಂದರೆ ಎಂಜಿನ್ ತಣಿಸುವ ದ್ರವ, ತುಂಬುವ ಬಿಳಿಯ ಟ್ಯಾಂಕ್ ಸಾಮಾನ್ಯವಾಗಿ ಪಾಲಿಪ್ರೊಪಿಲೀನಿನದು. ಒಳಗಿನ ಮಟ್ಟ ಹೊರಗಿನಿಂದಲೇ ಕಾಣಲಿ ಎಂದೇ ಅದನ್ನು ಅರೆಪಾರದರ್ಶಕವಾಗಿ ಮಾಡಿರುತ್ತಾರೆ. ರೇಡಿಯೇಟರಿನ ಎರಡು ತುದಿಗಳಲ್ಲಿರುವ ಕಪ್ಪು ಟ್ಯಾಂಕುಗಳು ಗಾಜಿನ ಎಳೆ ಬೆರೆಸಿದ ನೈಲಾನ್ 66ರವು. ಅವುಗಳನ್ನು ರಬ್ಬರ್ ಗ್ಯಾಸ್ಕೆಟ್ ಇಟ್ಟು, ಅಲ್ಯೂಮಿನಿಯಂ ಅಂಚಿನ ಹಲ್ಲುಗಳನ್ನು ಮಡಚಿ ಕೂರಿಸಿರುತ್ತಾರೆ. ಬಣ್ಣ ಕೆಡುವುದು ಎರಡಕ್ಕೂ ಸಾಮಾನ್ಯ, ಆದರೆ ಅದರ ಅರ್ಥ ಎರಡರಲ್ಲೂ ಒಂದೇ ಅಲ್ಲ.

ನಮ್ಮ ಜಿಲ್ಲೆಯ ನೀರಿನ ಬಗ್ಗೆಯೂ ಒಂದು ಮಾತು ಬೇಕು. ಇಲ್ಲಿನ ಬೋರ್‌ವೆಲ್ ನೀರು ಬಹುತೇಕ ಕಡೆ ಗಡಸು. ಅನೇಕ ಹಳ್ಳಿಗಳಲ್ಲಿ ಫ್ಲೋರೈಡ್ ಸಮಸ್ಯೆಯೂ ಇರುವುದರಿಂದ ಕುಡಿಯಲು ಶುದ್ಧ ನೀರಿನ ಘಟಕದಿಂದ ಕ್ಯಾನ್ ತುಂಬಿಸಿ ತರುವುದು ಮನೆಮನೆಯ ರೂಢಿಯಾಗಿದೆ. ಮನುಷ್ಯರಿಗೆ ಆಗದ ನೀರು ಎಂಜಿನ್ನಿಗೆ ಆದೀತು ಎಂಬ ನಂಬಿಕೆ ಮಾತ್ರ ಇನ್ನೂ ಹೋಗಿಲ್ಲ. ಗಡಸು ನೀರು ಕಾಯ್ದಾಗ ಅದರಲ್ಲಿ ಕರಗಿದ್ದ ಸುಣ್ಣದ ಅಂಶ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಹೊರಬಿದ್ದು, ಸೋಲಾರ್ ಹೀಟರಿನ ಕೊಳವೆಯಲ್ಲಿ ಕಟ್ಟುವಂತೆ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ.

ಸಮಸ್ಯೆ

ವಾಹನ ನಮ್ಮ ಗ್ಯಾರೇಜಿಗೆ ಬಂದದ್ದು ಬೇಸಿಗೆಯಲ್ಲಿ. ಮಾಲೀಕರು ಅದನ್ನು ಮಾರಿ ದೊಡ್ಡ ವಾಹನ ಕೊಳ್ಳುವ ಯೋಚನೆಯಲ್ಲಿದ್ದರು, ನೋಡಲು ಬರುವವರು ಬಾನೆಟ್ ಎತ್ತಿದ ಕೂಡಲೇ ಕಣ್ಣಿಗೆ ಬೀಳುವ ಕಂದು ಟ್ಯಾಂಕಿನಿಂದಾಗಿ ಬೆಲೆ ಇಳಿಸುತ್ತಾರೆ ಎಂಬುದು ಅವರ ಚಿಂತೆಯಾಗಿತ್ತು. ಅವರು ಕೇಳಿದ್ದು ಇಷ್ಟೇ: "ಟ್ಯಾಂಕ್ ಒಂದು ಬೆಳ್ಳಗೆ ಮಾಡಿಕೊಡ್ರಿ, ರೇಡಿಯೇಟರ್ ಮ್ಯಾಲೆ ಪಾಲಿಶ್ ಹೊಡೀರಿ, ಸಾಕು."

ಟ್ಯಾಂಕಿನ ಬಣ್ಣ ಕಾಫಿ ಡಿಕಾಕ್ಷನ್ನಿನಷ್ಟು ಗಾಢವಾಗಿತ್ತು. ಕನಿಷ್ಠ ಮತ್ತು ಗರಿಷ್ಠ ಮಟ್ಟದ ಗೆರೆಗಳು ಹೊರಗೆ ಸ್ಪಷ್ಟವಾಗಿದ್ದರೂ ಅವುಗಳ ನಡುವೆ ನೀರು ಎಲ್ಲಿ ನಿಂತಿದೆ ಎಂಬುದು ಬ್ಯಾಟರಿ ಬೆಳಕು ಬಿಟ್ಟರೂ ಕಾಣುತ್ತಿರಲಿಲ್ಲ. ವಾಹನ ಓಡಿಸುವ ಹುಡುಗನನ್ನು ವಿಚಾರಿಸಿದಾಗ ಇನ್ನೊಂದು ಸಂಗತಿ ಹೊರಬಂತು. ಅವನು ಪ್ರತಿದಿನ ಬೆಳಿಗ್ಗೆ ಮುಚ್ಚಳ ತೆಗೆದು, ಕತ್ತಿನವರೆಗೆ ನೀರು ಕಾಣುವಷ್ಟು ಮನೆಯ ಬೋರ್‌ವೆಲ್ ನೀರನ್ನು ಸುರಿದು ಹೊರಡುತ್ತಿದ್ದ. ಎಷ್ಟು ಸುರಿಯುತ್ತೀಯ ಎಂದು ಕೇಳಿದರೆ "ಒಂದು ಚೊಂಬಿಗೆ ಕಡಿಮೆನೇ ಅಣ್ಣಾ, ದಿನಾ ಕುಡಿಯತ್ತೆ" ಎಂದ. ಈ ಉತ್ತರವೇ ನನ್ನ ಪಾಲಿಗೆ ಪ್ರಕರಣದ ಮೊದಲ ತಿರುವು. ಮುಚ್ಚಿದ ಕೂಲಿಂಗ್ ವ್ಯವಸ್ಥೆ ನೀರು ಕುಡಿಯುವುದಿಲ್ಲ. ದಿನವೂ ಹಾಕಬೇಕಾಗಿ ಬಂದರೆ ಅದು ಎಲ್ಲಿಂದಲೋ ಹೊರಗೆ ಹೋಗುತ್ತಿದೆ ಎಂದೇ ಅರ್ಥ. ಏಳೆಂಟು ಲೀಟರ್ ಹಿಡಿಯುವ ವ್ಯವಸ್ಥೆಗೆ ದಿನಕ್ಕೆ ಕಾಲು ಲೀಟರ್ ಹಾಕಿದರೂ ಸುಮಾರು ಒಂದು ತಿಂಗಳಲ್ಲಿ ಇಡೀ ವ್ಯವಸ್ಥೆ ತುಂಬುವಷ್ಟು ಹೊಸ ನೀರು ಒಳಹೋಗಿರುತ್ತದೆ. ಕೂಲಂಟಿನಲ್ಲಿರುವ ತುಕ್ಕುನಿರೋಧಕ ಅಂಶ ಅಷ್ಟರಲ್ಲಿ ತೆಳುವಾಗಿ, ಎಂಜಿನ್ನಿನ ಬೀಡುಕಬ್ಬಿಣದ ಬ್ಲಾಕ್ ಬರಿಯ ನೀರಿಗೆ ಒಡ್ಡಿಕೊಂಡಿರುತ್ತದೆ.

ಆದ್ದರಿಂದ ಟ್ಯಾಂಕನ್ನು ತೊಳೆಯುವ ಮೊದಲು ಅದರೊಳಗಿನ ಕಂದು ಯಾವುದೆಂದು ತಿಳಿಯಬೇಕು ಎಂದು ನಿರ್ಧರಿಸಿದೆ. ಮಾಲೀಕರಿಗೆ ಇದು ಅನಗತ್ಯ ವಿಳಂಬವೆನಿಸಿತು. "ಯಜಮಾನ್ರೆ, ತೊಳೆದ ಮೇಲೆ ಕಲೆ ಹೋಗುತ್ತೆ, ಅದರ ಜೊತೆ ಅದು ಹೇಳಬೇಕಾದ ವಿಷಯನೂ ಹೋಗುತ್ತೆ, ನಾಳೆವರೆಗೆ ಬಿಡಿ" ಎಂದು ಕೇಳಿಕೊಂಡಾಗ ಒಪ್ಪಿದರು.

ಕಲೆಯನ್ನು ಓದುವ ಕೆಲಸ

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಟ್ಯಾಂಕಿನಿಂದ ಒಂದಷ್ಟು ದ್ರವವನ್ನು ಗಾಜಿನ ಬಾಟಲಿಗೆ ತೆಗೆದು, ಅಲುಗಾಡದಂತೆ ರಾತ್ರಿಯೆಲ್ಲ ಇಟ್ಟೆವು. ಈ ಪರೀಕ್ಷೆಗೆ ಯಾವ ಉಪಕರಣವೂ ಬೇಡ, ಆದರೂ ಇದು ಬಹಳಷ್ಟನ್ನು ಹೇಳುತ್ತದೆ. ಎಂಜಿನ್ ಆಯಿಲ್ ಬೆರೆತಿದ್ದರೆ ಅದು ಮೇಲೆ ತೇಲುತ್ತದೆ ಅಥವಾ ಕೆನೆಯಂತಹ ಕಂದು ಪದರವಾಗಿ ನಿಲ್ಲುತ್ತದೆ. ಆಗ ಆಯಿಲ್ ಕೂಲರ್ ಅಥವಾ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ ಬಿಗಿಪದರ) ಕಡೆ ನೋಡಬೇಕು. ಒಂದಕ್ಕೊಂದು ಹೊಂದದ ಎರಡು ಬಗೆಯ ಕೂಲಂಟ್ ಬೆರೆಸಿದ್ದರೆ ಕೆಲವೊಮ್ಮೆ ಲೋಳೆಯಂತಹ ಗಂಟುಗಳು ಕಾಣುತ್ತವೆ. ತುಕ್ಕು ಮತ್ತು ಸುಣ್ಣವಾದರೆ ತಳಕ್ಕೆ ಇಳಿಯುತ್ತವೆ. ಬೆಳಿಗ್ಗೆ ನೋಡಿದಾಗ ತಳದಲ್ಲಿ ಇಟ್ಟಿಗೆ ಬಣ್ಣದ ದಪ್ಪ ಗಸಿ ಕೂತಿತ್ತು, ಮೇಲಿನ ನೀರು ತಿಳಿ ಹಳದಿಯಾಗಿತ್ತು, ಕೂಲಂಟಿನ ಮೂಲ ಬಣ್ಣದ ಗುರುತೂ ಉಳಿದಿರಲಿಲ್ಲ. ಎಣ್ಣೆಯ ಪೊರೆ ಇರಲಿಲ್ಲ. ಗಸಿಯನ್ನು ಬೆರಳುಗಳ ನಡುವೆ ಉಜ್ಜಿದರೆ ಜಿಡ್ಡಾಗದೆ ಮರಳಿನಂತೆ ತರಿತರಿಯಾಗಿತ್ತು.

ಅದೇ ಬೆಳಿಗ್ಗೆ ಇನ್ನೆರಡು ಸಂಗತಿಗಳನ್ನು ಖಚಿತಪಡಿಸಿಕೊಂಡೆವು. ಆಯಿಲ್ ಮಟ್ಟ ನೋಡುವ ಕಡ್ಡಿಯಾದ ಡಿಪ್‌ಸ್ಟಿಕ್ಕಿನ ಆಯಿಲಿನಲ್ಲಿಯೂ ಆಯಿಲ್ ಮುಚ್ಚಳದ ಒಳಬದಿಯಲ್ಲಿಯೂ ನೀರು ಬೆರೆತದ್ದನ್ನು ತೋರಿಸುವ ಹಾಲಿನಂತಹ ಬಿಳುಪು ಇರಲಿಲ್ಲ. ತಣ್ಣಗಿನ ಎಂಜಿನ್ನನ್ನು ಮುಚ್ಚಳ ತೆಗೆದೇ ಚಾಲೂ ಮಾಡಿ ಸ್ವಲ್ಪ ಹೊತ್ತು ನೋಡಿದಾಗ ಟ್ಯಾಂಕಿನಲ್ಲಿ ಎಡೆಬಿಡದೆ ಗುಳ್ಳೆ ಏಳಲಿಲ್ಲ. ಹೆಡ್ ಗ್ಯಾಸ್ಕೆಟ್ಟಿನ ಮೇಲಿದ್ದ ಸಂಶಯ ಇದರಿಂದ ಬಹುಮಟ್ಟಿಗೆ ನಿವಾರಣೆಯಾಯಿತು. ಉಳಿದದ್ದು ತುಕ್ಕು, ಸುಣ್ಣ, ಮತ್ತು ಇನ್ನೂ ಪತ್ತೆಯಾಗದ ಒಂದು ಸೋರಿಕೆ.

ತೊಳೆಯುವ ಪ್ರಯತ್ನಗಳು

ನಮ್ಮ ಬಳಿ ಬರುವ ಮೊದಲೇ ಹುಡುಗ ತನ್ನ ಕೈಲಾದದ್ದನ್ನು ಮಾಡಿದ್ದ. ಟ್ಯಾಂಕ್ ಬಿಚ್ಚಿ, ಬಟ್ಟೆ ಸೋಪಿನ ಪುಡಿ ಮತ್ತು ಸಣ್ಣ ಜಲ್ಲಿ ಹಾಕಿ ಜೋರಾಗಿ ಅಲುಗಿಸಿ ತೊಳೆದಿದ್ದ. ಆಗ ಬಣ್ಣ ಸ್ವಲ್ಪ ತಿಳಿಯಾಗಿ, ಒಂದು ವಾರದೊಳಗೆ ಮೊದಲಿಗಿಂತ ಗಾಢವಾಗಿ ಮರಳಿತ್ತು. ಇದಕ್ಕೆ ಎರಡು ಕಾರಣಗಳಿದ್ದವು. ಬ್ಲಾಕ್ ಮತ್ತು ರೇಡಿಯೇಟರಿನಲ್ಲಿ ತುಕ್ಕಿನ ಗಸಿ ಹಾಗೆಯೇ ಉಳಿದಿದ್ದರಿಂದ ಟ್ಯಾಂಕ್ ಮಾತ್ರ ತೊಳೆದರೆ ಮೊದಲ ಓಟದಲ್ಲೇ ಗಸಿ ಅಲ್ಲಿಗೆ ಬರುತ್ತದೆ. ಜೊತೆಗೆ ಜಲ್ಲಿ ಒಳಮೈಯನ್ನು ಗೀರಿದ್ದರಿಂದ, ಆ ಗೀರುಗಳಲ್ಲಿ ತುಕ್ಕಿನ ಸಣ್ಣ ಕಣಗಳು ನಯವಾದ ಮೈಗಿಂತ ಬಲವಾಗಿ ಹಿಡಿದು ಕೂರುತ್ತವೆ. ಬಟ್ಟೆ ಸೋಪಿನ ನೊರೆ ಪೂರ್ತಿ ಹೋಗದೆ ಉಳಿದರೆ ಕೂಲಂಟಿನಲ್ಲಿಯೂ ನೊರೆ ಏಳುತ್ತದೆ. ನೊರೆಯಾದ ದ್ರವ ಶಾಖವನ್ನು ಸರಿಯಾಗಿ ಒಯ್ಯುವುದಿಲ್ಲ.

ಮಾಲೀಕರು ಸೂಚಿಸಿದ ದಾರಿ ಟಾಯ್ಲೆಟ್ ತೊಳೆಯುವ ಆ್ಯಸಿಡ್. ಈ ಸಲಹೆ ನಮ್ಮ ಕಡೆ ಬಹಳ ಪ್ರಚಲಿತವಾಗಿರುವುದರಿಂದ ಅದನ್ನು ಏಕೆ ಒಪ್ಪಲಿಲ್ಲ ಎಂಬುದನ್ನು ವಿವರವಾಗಿ ಹೇಳಬೇಕು. ಆ ಆ್ಯಸಿಡ್ ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆಮ್ಲ. ಬಿಚ್ಚಿಟ್ಟ ಪಾಲಿಪ್ರೊಪಿಲೀನ್ ಟ್ಯಾಂಕಿಗೆ ಅದು ಹೇಳಿಕೊಳ್ಳುವಂತಹ ಹಾನಿ ಮಾಡದು, ತುಕ್ಕನ್ನು ಬೇಗ ಕರಗಿಸುವುದೂ ನಿಜ. ಬಳಸಿದವರು ಅದನ್ನು ಹೊಗಳುವುದು ಇದೇ ಕಾರಣಕ್ಕೆ. ಅಪಾಯ ಇರುವುದು ಉಳಿದ ಭಾಗಗಳಿಗೆ. ಟ್ಯಾಂಕಿನ ಮೂಲೆಯಲ್ಲಿ ಉಳಿದ ಆಮ್ಲ ಮರಳಿ ಜೋಡಿಸಿದ ಮೇಲೆ ಅಲ್ಯೂಮಿನಿಯಂ ರೇಡಿಯೇಟರಿಗೂ ಸಿಲಿಂಡರ್ ಹೆಡ್ಡಿಗೂ ಹೋಗುತ್ತದೆ, ಕ್ಲೋರೈಡ್ ಅಂಶ ಅಲ್ಯೂಮಿನಿಯಮ್ಮಿನಲ್ಲಿ ಸೂಜಿಮೊನೆಯಂತಹ ತೂತುಗಳನ್ನು ಕೊರೆಯುತ್ತದೆ. ರೇಡಿಯೇಟರಿನ ನೈಲಾನ್ ಟ್ಯಾಂಕುಗಳಿಗಂತೂ ಪ್ರಬಲ ಖನಿಜಾಮ್ಲ ನೇರ ಶತ್ರು. ನೈಲಾನಿನ ಸರಪಳಿಯನ್ನೇ ಅದು ಕಡಿಯುತ್ತದೆ. ಬ್ಲೀಚಿಂಗ್ ದ್ರಾವಣವನ್ನು ಬೇಡವೆಂದದ್ದೂ ಇದೇ ಕಾರಣಕ್ಕೆ, ಅದರ ಮೇಲೆ ಯಾವುದೇ ಆಮ್ಲದ ಜೊತೆ ಅದು ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಬರುತ್ತದೆ. ಪೆಟ್ರೋಲ್, ಡೀಸೆಲ್, ಥಿನ್ನರ್‌ಗಳು ತುಕ್ಕಿನ ಕಲೆಗೆ ಏನೂ ಮಾಡುವುದಿಲ್ಲ. ಆದರೆ ಪಾಲಿಪ್ರೊಪಿಲೀನನ್ನು ಉಬ್ಬಿಸಬಲ್ಲವು, ಕೂಲಂಟ್ ಹೋಸ್ ಪೈಪುಗಳ ರಬ್ಬರನ್ನಂತೂ ಖಂಡಿತ ಉಬ್ಬಿಸಿ ಮೆತ್ತಗೆ ಮಾಡುತ್ತವೆ. ತುಕ್ಕಿಗೆ ಹೆಸರಾದ ಆಕ್ಸಾಲಿಕ್ ಆಮ್ಲವನ್ನೂ ಬಿಟ್ಟೆವು: ಅದು ವಿಷ, ಮತ್ತು ಗಡಸು ನೀರಿನ ಕ್ಯಾಲ್ಸಿಯಮ್ಮಿನೊಂದಿಗೆ ಸೇರಿ ನೀರಿನಲ್ಲಿ ಕರಗದ ಹೊಸ ಗಸಿಯನ್ನೇ ಹುಟ್ಟಿಸುತ್ತದೆ.

ಆರಿಸಿಕೊಂಡದ್ದು ದಿನಸಿ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲ. ಟ್ಯಾಂಕನ್ನು ಬಿಚ್ಚಿ, ಹೋಸ್ ಬಾಯಿಗಳಿಗೆ ರಬ್ಬರ್ ಬಿರಡೆ ಹಾಕಿ, ಮೊದಲು ಪಾತ್ರೆ ತೊಳೆಯುವ ದ್ರವದ ಒಂದೆರಡು ಹನಿ ಬೆರೆಸಿದ ಬೆಚ್ಚಗಿನ ನೀರಿನಿಂದ ತೊಳೆದು ಜಿಡ್ಡು ತೆಗೆದೆವು. ಅನಂತರ ಲೀಟರಿಗೆ 50 ಗ್ರಾಂನಷ್ಟು ನಿಂಬೆ ಉಪ್ಪನ್ನು ಶುದ್ಧ ನೀರಿನ ಘಟಕದ ನೀರಿನಲ್ಲಿ ಕರಗಿಸಿ, ಕೈ ತಾಳುವಷ್ಟು ಬಿಸಿ ಮಾಡಿ, ಟ್ಯಾಂಕಿನ ತುಂಬ ಹೊಯ್ದು ಕೆಲವು ಗಂಟೆ ಬಿಟ್ಟೆವು. ಬಾಟಲಿ ತೊಳೆಯುವ ಬ್ರಷ್ ಕತ್ತಿನ ಸುತ್ತ ಮಾತ್ರ ತಲುಪುತ್ತಿತ್ತು. ಹಳೆಯ ಮೇಸ್ತ್ರಿಗಳು ಒಂದು ಹಿಡಿ ಅಕ್ಕಿ ಹಾಕಿ ಅಲುಗಿಸುತ್ತಾರೆ. ಒಳಗೆ ಅಡ್ಡಗೋಡೆಗಳಿಲ್ಲದ ಸರಳ ಬಾಟಲಿಗೆ ಅದು ಒಳ್ಳೆಯ ವಿಧಾನ. ಈ ಟ್ಯಾಂಕಿನಲ್ಲಿ ಕೋಣೆಗಳಿದ್ದುದರಿಂದ ಅಕ್ಕಿ ಒಳಗೇ ಸಿಕ್ಕಿ, ಮುಂದೆ ಉಬ್ಬಿ, ಸಣ್ಣ ರಿಟರ್ನ್ ಪೈಪಿನ ಬಾಯಿ ಕಟ್ಟುವ ಸಾಧ್ಯತೆಯಿತ್ತು. ತಳದಲ್ಲಿ ಮಟ್ಟದ ಸೆನ್ಸರ್ ಇರುವ ಟ್ಯಾಂಕುಗಳಿಗೂ ಆ ವಿಧಾನ ಸಲ್ಲದು.

ಮೊದಲ ಸಲ ಹೊರಬಂದ ದ್ರಾವಣ ಕೆಂಪು ಮಣ್ಣಿನ ನೀರಿನಂತಿತ್ತು. ಹೊಸ ದ್ರಾವಣ ಹಾಕಿ ರಾತ್ರಿ ಬಿಟ್ಟು ತೆಗೆದಾಗ ಬಣ್ಣ ಅಷ್ಟಾಗಿ ಬರಲಿಲ್ಲ. ಅಡುಗೆ ಸೋಡದ ನೀರಿನಿಂದ ಉಳಿದ ಆಮ್ಲವನ್ನು ಶಮನಗೊಳಿಸಿ, ಬಹಳ ಸಲ ತೊಳೆದು ಬೆಳಕಿಗೆ ಹಿಡಿದೆವು. ಟ್ಯಾಂಕ್ ಬೆಳ್ಳಗಾಗಿರಲಿಲ್ಲ. ಜೇನಿನ ಹಳದಿ ಉಳಿದಿತ್ತು, ಆದರೆ ಅದರೊಳಗೆ ನೀರು ಹಾಕಿದರೆ ಮಟ್ಟದ ಗೆರೆ ಹೊರಗಿನಿಂದ ಸ್ಪಷ್ಟವಾಗಿ ಕಾಣುತ್ತಿತ್ತು.

ಇಲ್ಲಿ ಎರಡನೆಯ ನಿರ್ಧಾರ ಬಂತು. ಹುಡುಗನಿಗೆ ಹುರುಪು ಹತ್ತಿತ್ತು. ನಿಂಬೆ ಉಪ್ಪನ್ನು ದುಪ್ಪಟ್ಟು ಮಾಡಿ, ನೀರನ್ನು ಕುದಿಸಿ ಹಾಕೋಣ ಎಂದ. ನಾನು ನಿಲ್ಲಿಸಲು ಹೇಳಿದೆ. ಬಿಳಿ ಬಟ್ಟೆಯನ್ನು ಕಡ್ಡಿಗೆ ಸುತ್ತಿ ಒಳಮೈಯನ್ನು ಒರೆಸಿದಾಗ ಬಟ್ಟೆಗೆ ಏನೂ ಹತ್ತಲಿಲ್ಲ. ಒರೆಸಿದರೆ ಬರುವುದು ಕೊಳೆ. ಒರೆಸಿದರೂ ಬಾರದಿರುವುದು ವರ್ಷಗಟ್ಟಲೆ ಶಾಖದಲ್ಲಿ ಪ್ಲಾಸ್ಟಿಕ್ ತಾನೇ ಆಕ್ಸಿಡೀಕರಣಗೊಂಡು ಪಡೆದ ಬಣ್ಣ ಮತ್ತು ಕೂಲಂಟಿನ ಬಣ್ಣ ಅದರೊಳಗೆ ಇಳಿದದ್ದು. ಅದನ್ನು ತೊಳೆಯಲು ಹೊರಟರೆ ಪ್ಲಾಸ್ಟಿಕ್ಕನ್ನೇ ತೊಳೆದು ತೆಗೆಯಬೇಕಾಗುತ್ತದೆ. ಈ ಕೆಲಸದಲ್ಲಿ ನಾವು ಬಯಸುವುದು ಮಟ್ಟ ಕಾಣುವುದನ್ನು, ಹೊಸತನವನ್ನಲ್ಲ. ಎಲ್ಲಿ ನಿಲ್ಲಬೇಕೆಂಬ ಅಳತೆ ಇದರಿಂದಲೇ ಸಿಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ತೊಳೆದಾಗ ಕಂಡದ್ದು

ತೊಳೆದ ಟ್ಯಾಂಕಿನೊಳಗೆ ಸಣ್ಣ ಬ್ಯಾಟರಿ ಇಳಿಬಿಟ್ಟು ನೋಡುತ್ತಿದ್ದಾಗ ಮುಚ್ಚಳದ ಕತ್ತಿನ ಬುಡದಲ್ಲಿ ಕೂದಲೆಳೆಯಂತಹ ಒಂದು ಬಿರುಕು ಕಾಣಿಸಿತು. ಟ್ಯಾಂಕಿನ ಎರಡು ಅರ್ಧಗಳನ್ನು ಬೆಸೆದಿರುವ ಅಂಚಿನ ಕಡೆಗೆ ಅದು ಇಳಿದಿತ್ತು. ಕಂದು ಪದರ ಇದ್ದಾಗ ಅದನ್ನು ಕಾಣುವುದು ಸಾಧ್ಯವೇ ಇರಲಿಲ್ಲ. ಈ ವಾಹನದಲ್ಲಿ ಒತ್ತಡದ ಮುಚ್ಚಳ ಇರುವುದು ಈ ಟ್ಯಾಂಕಿನ ಮೇಲೆಯೇ, ಆದ್ದರಿಂದ ಬಿಸಿಯಾದಾಗಲೆಲ್ಲ ಟ್ಯಾಂಕ್ ಒತ್ತಡ ತಾಳಬೇಕು. ಈ ಮುಚ್ಚಳದ ಮೇಲೆ 1.1 ಎಂದು ಮುದ್ರಿಸಿತ್ತು. ಹೊರಗಿನ ಗಾಳಿಗಿಂತ 1.1 ಬಾರ್ ಹೆಚ್ಚಿನ ಒತ್ತಡದವರೆಗೆ ಅದು ಹಿಡಿದಿಡುತ್ತದೆ ಎಂದು ಅದರ ಅರ್ಥ.

ಒತ್ತಡ ಏಕೆ ಮುಖ್ಯ ಎಂಬುದನ್ನು ಮಾಲೀಕರಿಗೆ ಹೀಗೆ ವಿವರಿಸಿದೆ. ಸಮುದ್ರಮಟ್ಟದಿಂದ ಸುಮಾರು 730 ಮೀಟರ್ ಎತ್ತರದ ಚಿತ್ರದುರ್ಗದಲ್ಲಿ ತೆರೆದ ಪಾತ್ರೆಯ ನೀರು 100 ಡಿಗ್ರಿಗಿಂತ ಎರಡು ಡಿಗ್ರಿಯಷ್ಟು ಮೊದಲೇ ಕುದಿಯುತ್ತದೆ. ಅದೇ ನೀರನ್ನು ಒಂದು ಬಾರ್ ಹೆಚ್ಚುವರಿ ಒತ್ತಡದಲ್ಲಿಟ್ಟರೆ 120 ಡಿಗ್ರಿಯ ಆಸುಪಾಸಿನವರೆಗೆ ಕುದಿಯುವುದಿಲ್ಲ. ಕೂಲಂಟಿನ ಮುಖ್ಯ ಅಂಶವಾದ ಎಥಿಲೀನ್ ಗ್ಲೈಕಾಲ್ ಸಮಪಾಲು ಬೆರೆತಿದ್ದರೆ ಇನ್ನೂ ಮೇಲಕ್ಕೆ ಹೋಗುತ್ತದೆ. ಎಂಜಿನ್ ಕಾಯ್ದ ಮೇಲೆ ಕೂಲಂಟನ್ನು ರೇಡಿಯೇಟರಿಗೆ ಬಿಡುವ ಕವಾಟವಾದ ಥರ್ಮೋಸ್ಟಾಟ್ ತೆರೆಯುವುದೇ ಸಾಮಾನ್ಯವಾಗಿ 82ರಿಂದ 88 ಡಿಗ್ರಿಯ ನಡುವೆ. ಹೀಗಿರುವಾಗ ಬಿರುಕಿನಿಂದ ಒತ್ತಡ ಹೊರಹೋಗಿ, ಒಳಗೆ ಬರಿಯ ನೀರೇ ಇದ್ದರೆ, ಲೋಡು ಹೊತ್ತು ಏರು ಹತ್ತುವ ಎಂಜಿನ್ನಿಗೂ ಕುದಿತಕ್ಕೂ ನಡುವೆ ಉಳಿಯುವ ಅಂತರ ಬಹಳ ಕಡಿಮೆ. ಹಿರಿಯೂರು ದಾಟಿದ ಮೇಲೆ ಮೀಟರಿನ ಮುಳ್ಳು ಆಗಾಗ ಮೇಲಕ್ಕೆ ಹೋಗುತ್ತಿತ್ತು ಎಂದು ಹುಡುಗ ಆಗ ನೆನಪಿಸಿಕೊಂಡ. ಚಿಕ್ಕಪ್ಪನಿಗೆ ಅವನು ಅದನ್ನು ಹೇಳಿರಲಿಲ್ಲ.

ಬಿರುಕಿಗೆ ಅಂಟು ಹಾಕುವ ಮಾತು ಬಂತು. ಪಾಲಿಪ್ರೊಪಿಲೀನಿಗೆ ಸಾಮಾನ್ಯ ಅಂಟುಗಳು ಹಿಡಿಯುವುದಿಲ್ಲ. ಬಿಸಿ ಕಡ್ಡಿಯಿಂದ ಬೆಸೆಯಬಹುದಾದರೂ, ಶಾಖದಿಂದ ಬಡಕಲಾದ ಪ್ಲಾಸ್ಟಿಕ್ಕಿನಲ್ಲಿ ಬೆಸುಗೆಯ ಪಕ್ಕದಲ್ಲೇ ಹೊಸ ಬಿರುಕು ಬರುತ್ತದೆ. ಒತ್ತಡದ ಪಾತ್ರೆಗೆ ಇಂತಹ ತೇಪೆ ತಕ್ಕುದಲ್ಲ ಎಂದು ಹೊಸ ಟ್ಯಾಂಕ್ ಮತ್ತು ಹೊಸ ಮುಚ್ಚಳ ತರಿಸಿದೆವು. ಹಾಗಾದರೆ ಹಳೆಯದನ್ನು ತೊಳೆದದ್ದು ವ್ಯರ್ಥವೇ ಎಂದು ಮಾಲೀಕರು ಕೇಳಿದರು. ತೊಳೆಯದೇ ಇದ್ದಿದ್ದರೆ ಈ ಬಿರುಕಿನ ಜೊತೆಗೇ ವಾಹನ ಇನ್ನೊಬ್ಬರ ಕೈಗೆ ಹೋಗುತ್ತಿತ್ತು.

ಹೊಸ ಟ್ಯಾಂಕ್ ಹಾಕುವ ಮೊದಲು ವ್ಯವಸ್ಥೆಯನ್ನೆಲ್ಲ ತೊಳೆಯಬೇಕಿತ್ತು. ಶುದ್ಧ ನೀರಿನ ಘಟಕದ ನೀರು ತುಂಬಿ, ಥರ್ಮೋಸ್ಟಾಟ್ ತೆರೆದು ಮೇಲಿನ ಹೋಸ್ ಬಿಸಿಯಾಗುವವರೆಗೆ ಎಂಜಿನ್ ಓಡಿಸಿ, ಪೂರ್ತಿ ತಣ್ಣಗಾಗಲು ಬಿಟ್ಟು, ರೇಡಿಯೇಟರ್ ಮತ್ತು ಬ್ಲಾಕ್ ಎರಡರ ಡ್ರೈನುಗಳಿಂದಲೂ ಇಳಿಸಿದೆವು. ಇಳಿದ ನೀರು ತಿಳಿಯಾಗುವವರೆಗೆ ಇದನ್ನೇ ಮಾಡಿದೆವು. ಬಿಸಿ ಇರುವಾಗ ಮುಚ್ಚಳ ತೆಗೆಯಬಾರದೆಂಬುದು ಎಲ್ಲರಿಗೂ ಗೊತ್ತಿರುವ ಮಾತಾದರೂ, ಅವಸರದಲ್ಲಿ ಮುಖ ಸುಟ್ಟುಕೊಂಡವರನ್ನು ನಮ್ಮ ಕಸುಬಿನ ಎಲ್ಲರೂ ಕಂಡಿರುತ್ತಾರೆ, ಆದ್ದರಿಂದ ಕಾಯುವ ಸಮಯವನ್ನು ಕೆಲಸದ ಭಾಗವಾಗಿಯೇ ಲೆಕ್ಕಹಾಕಬೇಕು. ಇಳಿಸಿದ ಮೊದಲ ದ್ರವವನ್ನು ಚರಂಡಿಗೆ ಬಿಡಲಿಲ್ಲ. ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ನಾಯಿ, ಆಡು, ಮಕ್ಕಳು ಯಾರು ನೆಕ್ಕಿದರೂ ಮೂತ್ರಪಿಂಡಗಳನ್ನು ಕೆಡಿಸಿ ಜೀವಕ್ಕೇ ಕುತ್ತು ತರುತ್ತದೆ. ತೆಳುವಾಗಿದ್ದರೂ ಅದನ್ನು ಮುಚ್ಚಳವಿರುವ ಕ್ಯಾನಿನಲ್ಲಿ ತುಂಬಿ, ಹೆಸರು ಬರೆದು ಬೇರೆ ಇಟ್ಟೆವು.

ಮತ್ತೆ ಇಳಿದ ಮಟ್ಟ

ಸಮಪಾಲು ಬೆರೆಸಿಯೇ ಬರುವ ಸಿದ್ಧ ಕೂಲಂಟ್ ತುಂಬಿ ವಾಹನವನ್ನು ಕಳುಹಿಸಿದೆವು. ಹುಡುಗನಿಗೆ ಒಂದೇ ಒಂದು ಕೆಲಸ ಹೇಳಿದ್ದೆ: ಪ್ರತಿದಿನ ಬೆಳಿಗ್ಗೆ, ಚಾಲೂ ಮಾಡುವ ಮೊದಲು, ಸಮತಟ್ಟಾದ ಒಂದೇ ಜಾಗದಲ್ಲಿ ನಿಲ್ಲಿಸಿ ಮಟ್ಟ ನೋಡಬೇಕು, ಏನನ್ನೂ ಸುರಿಯಬಾರದು. ಬಿರುಕಿನ ಟ್ಯಾಂಕ್ ಹೋದ ಮೇಲೆ ಸೋರಿಕೆ ನಿಂತಿತು ಎಂದೇ ಎಲ್ಲರೂ ಭಾವಿಸಿದ್ದರು. ಕೆಲವು ದಿನಗಳಲ್ಲಿ ಅವನೇ ಫೋನ್ ಮಾಡಿ, "ಅಣ್ಣಾ, ಒಂದು ಬೆರಳಷ್ಟು ಇಳಿದೈತೆ" ಎಂದ. ಹೊಸ ಟ್ಯಾಂಕಿನ ಬಿಳುಪಿನಲ್ಲಿ ಅದು ಅವನ ಕಣ್ಣಿಗೆ ತಾನಾಗಿ ಬಿದ್ದಿತ್ತು. ಹಳೆಯ ಟ್ಯಾಂಕಿನಲ್ಲಾಗಿದ್ದರೆ ಅವನು ಮತ್ತೊಂದು ಚೊಂಬು ನೀರು ಹಾಕಿ ಹೊರಟಿರುತ್ತಿದ್ದ.

ಈ ಸಲ ಕೈಪಂಪಿನ ಪ್ರೆಶರ್ ಟೆಸ್ಟರನ್ನು ಟ್ಯಾಂಕಿನ ಬಾಯಿಗೆ ಜೋಡಿಸಿ, ಮುಚ್ಚಳದ ಮೇಲಿದ್ದ ಅಂಕಿಯಷ್ಟೇ ಒತ್ತಡ ಕೊಟ್ಟು ಬಿಟ್ಟೆವು. ಅದನ್ನು ಮೀರಿ ಕೊಟ್ಟರೆ ಸರಿಯಿರುವ ಭಾಗವೂ ಒಡೆಯಬಹುದು. ವಾಟರ್ ಪಂಪಿನ ಅಡಿಯ ಸಣ್ಣ ರಂಧ್ರ ಒಣಗಿತ್ತು, ಹೋಸ್ ಕ್ಲಿಪ್ಪುಗಳು ಒಣಗಿದ್ದವು. ರೇಡಿಯೇಟರಿನ ಬಿಸಿನೀರು ಒಳಬರುವ ಕಡೆಯ ಟ್ಯಾಂಕಿನ ಅಂಚಿನಲ್ಲಿ, ಅಲ್ಯೂಮಿನಿಯಂ ಹಲ್ಲುಗಳ ನಡುವೆ, ಸ್ವಲ್ಪ ಹೊತ್ತಿನ ಮೇಲೆ ಒಂದು ಹನಿ ಮೂಡಿತು. ಓಟದಲ್ಲಿ ಅಂತಹ ಹನಿ ಬಿಸಿ ಲೋಹದ ಮೇಲೆ ಆಗಲೇ ಆವಿಯಾಗುವುದರಿಂದ ನೆಲದ ಮೇಲೆ ಯಾವ ಗುರುತೂ ಬೀಳುವುದಿಲ್ಲ. ಅಂಚಿನ ಉದ್ದಕ್ಕೂ ಕಟ್ಟಿದ್ದ ಬಿಳಿಯ ಉಪ್ಪಿನ ಗೆರೆಯೊಂದೇ ಅದರ ಸಾಕ್ಷಿಯಾಗಿತ್ತು. ಆ ಗೆರೆಯನ್ನು ಎಲ್ಲರೂ ರಸ್ತೆಯ ಧೂಳೆಂದುಕೊಂಡಿದ್ದರು.

ಮಾಲೀಕರು ಪಾಲಿಶ್ ಹೊಡೆಯಲು ಹೇಳಿದ್ದು ಇದೇ ಟ್ಯಾಂಕಿಗೆ. ಕಪ್ಪಾಗಿರಬೇಕಾದ ಅದರ ಮೈ ಬಿಸಿ ಹೋಸ್ ಸೇರುವಲ್ಲಿ ಹಸಿರು ಬೆರೆತ ಕಂದಾಗಿತ್ತು, ಇನ್ನೊಂದು ತುದಿಯ ಟ್ಯಾಂಕ್ ಮಾತ್ರ ಕಪ್ಪಾಗಿಯೇ ಇತ್ತು. ಒಂದೇ ದಿನ ತಯಾರಾದ, ಒಂದೇ ವಾಹನದ ಎರಡು ಭಾಗಗಳ ನಡುವಿನ ಈ ವ್ಯತ್ಯಾಸವೇ ಎಲ್ಲವನ್ನೂ ಹೇಳುತ್ತದೆ: ಇದು ಹೊರಗಿನ ಕೊಳೆಯಲ್ಲ, ಶಾಖಕ್ಕೆ ಹೆಚ್ಚು ಒಡ್ಡಿಕೊಂಡ ನೈಲಾನಿನ ಮುಪ್ಪು. ಬಿಸಿ ನೀರು ಮತ್ತು ಗ್ಲೈಕಾಲ್ ನೈಲಾನನ್ನು ನಿಧಾನವಾಗಿ ಶಿಥಿಲಗೊಳಿಸುತ್ತವೆ. ಅದು ಪೆಡಸಾಗುತ್ತದೆ, ಜೊತೆಗೇ ರಬ್ಬರ್ ಗ್ಯಾಸ್ಕೆಟ್ ಗಟ್ಟಿಯಾಗಿ ಹಿಡಿತ ಬಿಡುತ್ತದೆ. ಟೈರ್ ಪಾಲಿಶ್ ಬಳಿದಿದ್ದರೆ ಅದು ಹೊಸದರಂತೆ ಹೊಳೆಯುತ್ತಿತ್ತು, ಬಿಳಿಯ ಗೆರೆಯೂ ಮುಚ್ಚಿಹೋಗುತ್ತಿತ್ತು. ಬಿಳಿಯ ಟ್ಯಾಂಕಿನ ಕಂದು ಬಹುತೇಕ ಒಳಗಿನ ನೀರಿನ ಸ್ಥಿತಿಯನ್ನು ತೋರಿಸುತ್ತದೆ; ಕಪ್ಪು ಟ್ಯಾಂಕಿನ ಕಂದು ಆ ಭಾಗದ್ದೇ ಆಯುಷ್ಯವನ್ನು ತೋರಿಸುತ್ತದೆ. ಮೊದಲನೆಯದನ್ನು ತೊಳೆಯಬಹುದು. ಎರಡನೆಯದನ್ನು ತೊಳೆಯುವ ಯಾವ ವಿಧಾನವೂ ನನಗೆ ಸಮ್ಮತವಲ್ಲ.

ದಾವಣಗೆರೆಯಲ್ಲಿ ರೇಡಿಯೇಟರ್ ರಿಪೇರಿ ಮಾಡುವ ಅಂಗಡಿಗಳಲ್ಲಿ ಹಲ್ಲುಗಳನ್ನು ಬಿಚ್ಚಿ, ಟ್ಯಾಂಕ್ ಮತ್ತು ಗ್ಯಾಸ್ಕೆಟ್ ಬದಲಿಸಿ ಮತ್ತೆ ಮಡಚಿ ಕೊಡುತ್ತಾರೆ. ಒಳಗಿನ ಕೊಳವೆಗಳು ಚೆನ್ನಾಗಿದ್ದರೆ ಅದು ಹಣ ಉಳಿಸುವ ಸರಿಯಾದ ದಾರಿ. ಇಲ್ಲಿ ಎಂಜಿನ್ ಬಿಸಿಯಾದ ಮೇಲೆ ಫ್ಯಾನ್ ತಿರುಗದಿರುವಾಗ ರೇಡಿಯೇಟರಿನ ಮೈಯನ್ನು ಎಚ್ಚರದಿಂದ ಮುಟ್ಟಿ ನೋಡಿದಾಗ ಕೆಳಗಿನ ಒಂದು ಭಾಗ ತಣ್ಣಗೇ ಇತ್ತು. ಅಲ್ಲಿನ ಕೊಳವೆಗಳು ಸುಣ್ಣದಿಂದ ಕಟ್ಟಿದ್ದವು. ಟ್ಯಾಂಕ್ ಬದಲಿಸಿದರೂ ಆ ಭಾಗ ಕೆಲಸಕ್ಕೆ ಬಾರದು ಎಂದು ಮಾಲೀಕರಿಗೆ ಎರಡೂ ಖರ್ಚುಗಳನ್ನು ಬರೆದು ತೋರಿಸಿದೆ. ಅವರು ಒಂದು ದಿನ ಯೋಚಿಸಿ ಹೊಸ ರೇಡಿಯೇಟರನ್ನೇ ಹಾಕಲು ಹೇಳಿದರು.

ಪರಿಣಾಮ

ಇಡೀ ಪ್ರಕರಣ ಒಂದು ಸುತ್ತಿನಂತೆ ನಡೆದಿತ್ತು. ರೇಡಿಯೇಟರಿನ ಅಂಚಿನ ಸಣ್ಣ ಸೋರಿಕೆಯಿಂದ ಮಟ್ಟ ಇಳಿಯುತ್ತಿತ್ತು. ಇಳಿದದ್ದನ್ನು ಬೋರ್‌ವೆಲ್ ನೀರು ತುಂಬುತ್ತಿತ್ತು. ಆ ನೀರು ಕೂಲಂಟನ್ನು ತೆಳುವಾಗಿಸಿ ತುಕ್ಕು, ಸುಣ್ಣ ತಂದಿತು. ತುಕ್ಕು ಟ್ಯಾಂಕನ್ನು ಕಂದಾಗಿಸಿತು. ಕಂದಾದ ಟ್ಯಾಂಕಿನಲ್ಲಿ ಮಟ್ಟ ಕಾಣದೆ ಸೋರಿಕೆ ಅಡಗಿಯೇ ಉಳಿಯಿತು. ಮಾಲೀಕರು ತಂದ ಬೇಡಿಕೆ ಈ ಸುತ್ತಿನ ಕೊನೆಯ ಕೊಂಡಿಗೆ ಸಂಬಂಧಿಸಿದ್ದು. ಅದೊಂದನ್ನೇ ಸರಿಪಡಿಸಿದ್ದರೆ ಉಳಿದ ಕೊಂಡಿಗಳು ಹಾಗೆಯೇ ಇರುತ್ತಿದ್ದವು, ಖರೀದಿದಾರ ಯಾವುದೋ ಮಧ್ಯಾಹ್ನ ಹೆದ್ದಾರಿಯಲ್ಲಿ ಕುದಿಯುವ ಎಂಜಿನ್ನಿನ ಮುಂದೆ ನಿಲ್ಲುತ್ತಿದ್ದ. ಅಲ್ಯೂಮಿನಿಯಂ ಹೆಡ್ ಒಮ್ಮೆ ಅತಿಯಾಗಿ ಕಾದು ಸೊಟ್ಟಗಾದರೆ ಬರುವ ಖರ್ಚಿನ ಮುಂದೆ ರೇಡಿಯೇಟರಿನ ಬೆಲೆ ಸಣ್ಣದು.

ತೆಗೆದ ಹಳೆಯ ಬಿಳಿ ಟ್ಯಾಂಕನ್ನು ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿರುವ ಹುಡುಗರಿಗೆ ತೋರಿಸಲೆಂದು ಗರಗಸದಿಂದ ಕೊಯ್ದೆವು. ಕೊಯ್ದ ಅಂಚಿನಲ್ಲಿ ಹಳದಿ ಬಣ್ಣ ಒಳಮೈಯಿಂದ ಗೋಡೆಯ ದಪ್ಪದೊಳಕ್ಕೆ ಇಳಿದು, ಹೊರಮೈಯ ಕಡೆಗೆ ತಿಳಿಯಾಗುತ್ತ ಹೋಗಿತ್ತು. ಎಷ್ಟು ತೊಳೆದರೂ ಅದು ಏಕೆ ಹೋಗಲಿಲ್ಲ ಎಂಬುದನ್ನು ಅವರಿಗೆ ಬಾಯಲ್ಲಿ ವಿವರಿಸಬೇಕಾಗಿ ಬರಲಿಲ್ಲ. ಜಲ್ಲಿಯ ಗೀರುಗಳೂ, ಅವುಗಳೊಳಗೆ ಸಾಲುಗಟ್ಟಿ ಉಳಿದ ತುಕ್ಕೂ ಅಲ್ಲಿಯೇ ಕಾಣುತ್ತಿದ್ದವು. ಇಂತಹ ಕೆಲಸ ಮಾಡುವವರು ತೆಗೆದ ಭಾಗವನ್ನು ಗುಜರಿಗೆ ಹಾಕುವ ಮೊದಲು ಒಮ್ಮೆ ಕೊಯ್ದು ನೋಡಬೇಕೆಂದು ನಾನು ಆಗ್ರಹಿಸುತ್ತೇನೆ.

ಹೊಸ ರೇಡಿಯೇಟರ್ ಹಾಕಿದ ಮೇಲೆ ಮಟ್ಟ ಇಳಿಯಲಿಲ್ಲ, ಕೂಲಂಟಿನ ಬಣ್ಣ ಬದಲಾಗಲಿಲ್ಲ. ಬ್ಲಾಕಿನೊಳಗೆ ಅಂಟಿ ಉಳಿದಿರಬಹುದಾದ ತುಕ್ಕಿನ ಕಾರಣದಿಂದ, ಕೈಪಿಡಿಯಲ್ಲಿ ಹೇಳಿದ ಅವಧಿಗಿಂತ ಮೊದಲೇ ಒಮ್ಮೆ ಕೂಲಂಟ್ ಇಳಿಸಿ ನೋಡಬೇಕೆಂದು ಬರೆದುಕೊಟ್ಟಿದ್ದೇನೆ. ಮಾಲೀಕರು ವಾಹನವನ್ನು ಮಾರಿದರು. ಮಾರುವಾಗ ಟ್ಯಾಂಕ್, ಮುಚ್ಚಳ ಮತ್ತು ರೇಡಿಯೇಟರಿನ ಬಿಲ್ಲುಗಳನ್ನೂ, ಕೂಲಂಟ್ ಬದಲಿಸಬೇಕಾದ ಚೀಟಿಯನ್ನೂ ಖರೀದಿದಾರರ ಕೈಗೆ ಕೊಟ್ಟು, ಮೊದಲು ಬೋರ್‌ವೆಲ್ ನೀರು ಹಾಕಿ ಓಡಿಸಿದ್ದನ್ನೂ ಮರೆಮಾಚದೆ ಹೇಳಿದರು. ಖರೀದಿದಾರರು ಬಾನೆಟ್ ಎತ್ತಿ, ಚೀಟಿಯನ್ನು ಓದಿ, ಕೇಳಿದ ಬೆಲೆಯಲ್ಲಿ ಸ್ವಲ್ಪ ಮಾತ್ರ ಕಡಿಮೆ ಮಾಡಿಸಿಕೊಂಡು ವಾಹನ ತೆಗೆದುಕೊಂಡರು.